ಗೀರು ಹಾಕುವ ಜೇಡ, ನೂಲು ಕದಿಯುವ ಸೂರಕ್ಕಿ

ಬಲೆಯ ನಡುವೆ ಮೂರು ಬಿಳಿ ಗೀರುಗಳಿದ್ದವು. ಹೊಲಿಗೆ ಕಲಿಯುತ್ತಿರುವ ಹುಡುಗಿ ದಪ್ಪ ದಾರದಲ್ಲಿ ಅಂಕುಡೊಂಕಾಗಿ ಹಾಕಿದಂಥ ಗೀರುಗಳು. ನಾಲ್ಕನೆಯದೂ ಇದ್ದಿದ್ದರೆ ಲೆಕ್ಕದ ಗುಣಾಕಾರದ ಚಿಹ್ನೆಯಾಗುತ್ತಿತ್ತು. ಕೆಳಗಿನ ಬಲ ಮೂಲೆ ಖಾಲಿ ಇತ್ತು. ಮಧ್ಯದಲ್ಲಿ ಹಳದಿ ಪಟ್ಟೆಯ ಜೇಡ ತಲೆ ಕೆಳಗಾಗಿ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಒಂದೊಂದು ಗೀರಿನ ಮೇಲೆ ಒಂದೊಂದು ಜೋಡಿ ಇಟ್ಟುಕೊಂಡು ಕೂತಿತ್ತು. ಖಾಲಿ ಮೂಲೆಯ ಕಡೆಗೂ ಒಂದು ಜೋಡಿ ಚಾಚಿತ್ತು.

"ಎಷ್ಟು?" ಎಂದು ಹಿತ್ತಲ ಬಾಗಿಲಿನಿಂದ ಆಯಿ ಕೇಳಿದಳು.

"ಮೂರು."

"ಸರಿಯಾಗಿ ನೋಡಿದೇನ? ಕನ್ನಡಕ ಹಾಕ್ಕೊಂಡು ನೋಡು."

"ಮೂರ ಅದಾವ ಆಯಿ."

ಆಯಿ ಅಪ್ಪನ ತಾಯಿ. ಎರಡೂ ಕಣ್ಣಿಗೆ ಪೊರೆ ಬಂದು ಆಕೆಗೆ ಬಲೆ ಕಾಣುತ್ತಿರಲಿಲ್ಲ. ಆ ಜೇಡ ದಿನಾ ಬೆಳಗಾಗುವುದರೊಳಗೆ ಹಳೆಯ ಬಲೆಯನ್ನು ತಾನೇ ತಿಂದು ಹೊಸದನ್ನು ನೇಯುತ್ತಿತ್ತು. ಗೀರುಗಳು ಒಂದು ದಿನ ಎರಡು, ಒಂದು ದಿನ ಮೂರು, ಒಮ್ಮೊಮ್ಮೆ ಒಂದೇ. ನಾಲ್ಕೂ ಗೀರು ಬಿದ್ದ ದಿನ ಮನೆಯಲ್ಲಿ ಒಂದು ಜೀವ ಹೋಗುತ್ತದೆ ಎಂಬುದು ಆಯಿ ತನ್ನ ತವರೂರು ಅಬಲೂರಿನಿಂದ ತಂದ ಮಾತು. ನಾನು ಆಗಷ್ಟೇ ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಪದವಿ ಮುಗಿಸಿ ಶಿಗ್ಗಾವಿಯ ನಮ್ಮ ಮನೆಗೆ ಬಂದಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆಯಿಯ ಮಾತನ್ನು ನಾನು ನಂಬುತ್ತಿರಲಿಲ್ಲ. ಆದರೂ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಬಲೆ ಇದ್ದ ದಾಸವಾಳದ ಗಿಡದ ಹತ್ತಿರ ಹೋಗುತ್ತಿದ್ದೆ. ಆಯಿ ಕೇಳುತ್ತಾಳೆ ಎಂದು ಹೋಗುತ್ತೇನೆ ಅಂದುಕೊಂಡಿದ್ದೆ.

ಒಳಕೋಣೆಯಲ್ಲಿ ಅಕ್ಕ ಬಲ ಮಗ್ಗುಲಿಗೆ ಮಲಗಿದ್ದಳು. ಹಿರೇಕೆರೂರಿನಲ್ಲಿ ಅವಳ ಅತ್ತೆಮನೆ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸಿದ್ದರು. ಎಂಟಕ್ಕೆ ಬಿದ್ದ ಮೇಲೆ ಒಂದು ದಿನ ಬೆನ್ನು ಉರಿಯುತ್ತದೆ ಅಂದಳು. ಮಾರನೆಯ ದಿನ ಎಡಗಡೆ, ಬೆನ್ನೆಲುಬಿನ ಪಕ್ಕದಿಂದ ಹೊಟ್ಟೆಯ ಕಡೆಗೆ, ನೆನೆದ ಸಾಬೂದಾನಿಯಂಥ ಗುಳ್ಳೆಗಳು ಸಾಲುಗಟ್ಟಿದವು. ಆ ಸಾಲು ಸೊಂಟವನ್ನು ಸುತ್ತುತ್ತ ಹೋಗಿ ತುದಿಗೆ ತುದಿ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಇಲ್ಲಿ ಇದ್ದದ್ದು ಎರಡು ಜೀವ. ಹೀಗಾಗಿ ಯಾರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಸವಣೂರಿನ ಡಾಕ್ಟರರು ಸಂತೆಯ ದಿನ ಶಿಗ್ಗಾವಿಗೆ ಬರುತ್ತಿದ್ದರು. ಅಪ್ಪ ಅವರನ್ನು ಮನೆಗೆ ಕರೆತಂದರು. ಅವರು ನೋಡಿ, "ಇದು ಒಂದು ನರದ ಬ್ಯಾನಿ. ಆ ನರ ಇದ್ದ ಕಡೆ ಅಷ್ಟ ಬರ್ತದ. ಸಾಮಾನ್ಯವಾಗಿ ಬೆನ್ನೆಲಬು ದಾಟಿ ಆ ಕಡೆ ಹೋಗೂದಿಲ್ಲ. ಹೋದ್ರ ನನಗ ತಿಳಸ್ರಿ, ತಡಾ ಮಾಡಬ್ಯಾಡ್ರಿ," ಅಂದರು. ಹಚ್ಚಲು ಒಂದು ಬಿಳಿ ಔಷಧ ಕೊಟ್ಟರು.

"ಸುಣ್ಣದ ನೀರು ಕೊಟ್ಟು ಹೋದ," ಅಂದಳು ಆಯಿ.

ಉಳಿದವರು ಡಾಕ್ಟರರ ಮಾತಿನಿಂದ ಏನು ಹಿಡಿದುಕೊಂಡರೋ ಗೊತ್ತಿಲ್ಲ. ನಾನು ಹಿಡಿದುಕೊಂಡದ್ದು 'ಸಾಮಾನ್ಯವಾಗಿ' ಎಂಬುದೊಂದನ್ನೇ. ಅದನ್ನು ಉಚ್ಚರಿಸುವ ಮೊದಲು ಅವರು ಅಕ್ಕನ ಹೊಟ್ಟೆಯನ್ನು ಒಂದು ಸಲ ನೋಡಿದ್ದರು.

ಬಿಳಿ ಔಷಧದ ಶೀಶೆ ಗೋಡೆಯ ಗೂಡಿನಲ್ಲಿ ಉಳಿಯಿತು. ಆಯಿ ಕುಂಬಾರ ಓಣಿಯಿಂದ ಒಬ್ಬ ಮುದುಕಿಯನ್ನು ಕರೆಸಿದಳು. ಇಂಥ ಗುಳ್ಳೆಗೆ ಕೆಮ್ಮಣ್ಣು ಹಚ್ಚುವುದು ಅವಳ ಮನೆತನದಲ್ಲಿ ನಡೆದುಕೊಂಡು ಬಂದಿತ್ತು. ಬಟ್ಟಲಲ್ಲಿ ಮಣ್ಣು ಕಲಸುತ್ತ ಅವಳು, "ಹಾವಿನ ಸುತ್ತು ಇದು," ಅಂದಳು.

"ಹಾವಲ್ಲ, ಜ್ಯಾಡ," ಅಂದಳು ಆಯಿ. "ಇಕಿ ಹಿತ್ತಲದಾಗ ದಾಸಾಳ ಗಿಡದ ಬುಡಕ್ಕ ದಿನಾ ಕುಂದರತಿದ್ಲು. ಆ ಗೀರಿನ ಜ್ಯಾಡ ಬೆನ್ನ ಮ್ಯಾಲೆ ಹರದೈತಿ."

"ಆತ ತಗೋರಿ ಅಮ್ಮಾರ. ಹಾವಾದ್ರೇನು, ಜ್ಯಾಡಾದ್ರೇನು, ಮಣ್ಣಂತೂ ಇದ. ನಿಮ್ಮ ಜ್ಯಾಡಕ್ಕ ಬ್ಯಾರೆ ಮಣ್ಣ ನಾ ಎಲ್ಲಿಂದ ತರ್ಲಿ?"

ಅಕ್ಕ ನಕ್ಕಳು. ನಕ್ಕದ್ದಕ್ಕೆ ಬೆನ್ನು ಉರಿದು ಕಣ್ಣಲ್ಲಿ ನೀರು ಬಂತು.

ಮುದುಕಿ ಕೋಳಿಯ ಪುಕ್ಕದಿಂದ ಮೊದಲು ಗುಳ್ಳೆಗಳ ಮೇಲೆಲ್ಲ ಮಣ್ಣು ಹಚ್ಚಿದಳು. ಆಮೇಲೆ ಗುಳ್ಳೆಯೇ ಇಲ್ಲದ ಬಲಗಡೆಗೂ ಒಂದು ಬೆರಳಗಲದ ಗೆರೆ ಎಳೆದಳು. ಹೊಕ್ಕುಳಿನ ಕೆಳಗಿನಿಂದ ಸುತ್ತಿ ಬಂದ ಆ ಗೆರೆ ಬೆನ್ನೆಲುಬಿಗೆ ಇನ್ನೂ ನಾಲ್ಕು ಬೆರಳು ಇರುವಾಗ ನಿಂತಿತು. ಅದು ಬೇಲಿಯಂತೆ, ಗುಳ್ಳೆ ಅದನ್ನು ದಾಟಬಾರದು.

"ಪೂರಾ ಸುತ್ತಬೇಕಿಲ್ಲೇನು?" ಎಂದು ಅವ್ವ ಕೇಳಿದಳು.

"ಬಾಗಲಾ ಬ್ಯಾಡೇನ್ ಯವ್ವಾ? ಬಂದದ್ದು ಹೊರಗ ಹೋಗಾಕ ದಾರಿ ಬಿಡಬೇಕು. ಮುಚ್ಚಿಬಿಟ್ರ ಒಳಗ ಕುಂತು ಬಿಡ್ತೈತಿ. ಮಣ್ಣು ತಾನ ಒಣಗಿ ತಾನ ಉದುರಲಿ, ನೀರು ಮುಟ್ಟಿಸಬ್ಯಾಡ್ರಿ."

ಅಂದಿನಿಂದ ನಾನು ದಿನಾ ಎರಡು ಕಡೆ ನೋಡುವಂತಾಯಿತು. ಬಲೆಯಲ್ಲಿ ಖಾಲಿ ಮೂಲೆ, ಅಕ್ಕನ ಬೆನ್ನಲ್ಲಿ ಖಾಲಿ ಬಾಗಿಲು.

ಆಯಿಗೆ ಆ ಬಲೆಯನ್ನು ಸುಟ್ಟು ಹಾಕಬೇಕೆಂದಿತ್ತು. ಒಂದು ಬೆಳಿಗ್ಗೆ ಚಿಂದಿಗೆ ಎಣ್ಣೆ ಹಾಕಿ ಕೋಲಿಗೆ ಸುತ್ತಿಕೊಂಡು ಹೊರಟೂ ಬಿಟ್ಟಳು. ಅವ್ವ ತಡೆದಳು. ಬಲೆಯ ಮೇಲಿನ ದಾರ ದಾಸವಾಳದ ಯಾವ ಟೊಂಗೆಗೆ ಕಟ್ಟಿತ್ತೋ ಅದೇ ಟೊಂಗೆಯ ತುದಿಯಲ್ಲಿ, ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿಯ ಗೂಡು ತೂಗುತ್ತಿತ್ತು. ಬಸುರಿ ಇರುವ ಮನೆಯಲ್ಲಿ ಹಕ್ಕಿಯ ಗೂಡು ಕೆಡಿಸುವ ಹಾಗಿಲ್ಲ. ಇದೂ ಆಯಿಯೇ ನಮಗೆ ಕಲಿಸಿದ್ದು. ಅವಳು ಕೋಲು ಹಿಡಿದುಕೊಂಡು ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತಳು.

"ಹಾಳಾದ್ದು, ಇದಕ್ಕ ಶಿಗ್ಗಾವ್ಯಾಗ ಬ್ಯಾರೆ ಗಿಡಾನ ಸಿಗಲಿಲ್ಲೇನ?" ಎಂದು ಹಕ್ಕಿಯನ್ನು ಬೈದು ಒಳಗೆ ಬಂದಳು. ಆ ಚಿಂದಿಯಿಂದ ಒಲೆ ಹೊತ್ತಿಸಿದಳು.

ಪರೀಕ್ಷೆಯಲ್ಲಿ ನಮಗೆ ಎರಡು ಪ್ರಾಣಿಗಳನ್ನು ಕೊಟ್ಟು ಹೋಲಿಸಿ ಬರೆಯಲು ಹೇಳುತ್ತಿದ್ದರು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೊಂದು, ಬಲಕ್ಕೊಂದು ಬರೆಯಬೇಕು. ಜೇಡವನ್ನೂ ಹಾಡುವ ಹಕ್ಕಿಯನ್ನೂ ಯಾರೂ ಜೊತೆಗೆ ಕೊಟ್ಟಿರಲಿಲ್ಲ. ಒಂದಕ್ಕೆ ಬೆನ್ನೆಲುಬು ಇದೆ, ಒಂದಕ್ಕೆ ಇಲ್ಲ ಎಂದು ಬರೆದರೆ ಅಲ್ಲಿಗೇ ಮುಗಿಯುತ್ತದೆ. ಆದರೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ನಾನು ಆ ಕೆಲಸವನ್ನೇ ಮಾಡುತ್ತಿದ್ದೆ. ಮನಸ್ಸಿಗೆ ಒಂದು ಕೆಲಸ ಬೇಕಾಗಿತ್ತು, ಇಲ್ಲದಿದ್ದರೆ ಅದು ಒಳಕೋಣೆಗೆ ಹೋಗುತ್ತಿತ್ತು.

ಎರಡರಲ್ಲೂ ಕಟ್ಟುವವಳು ಹೆಣ್ಣು. ಸೂರಕ್ಕಿಯ ಗಂಡು ಕಡುನೀಲಿ ಮಿಂಚುತ್ತ ನುಗ್ಗೆಯ ತುದಿಯಲ್ಲಿ ಕೂತು ಬೆಳಗೆಲ್ಲ ಹಾಡುತ್ತಿತ್ತು. ಒಂದು ನಾರನ್ನೂ ತರುತ್ತಿರಲಿಲ್ಲ. ಮಾಸಲು ಹಳದಿಯ ಹೆಣ್ಣು ತೊಗಟೆಯ ಚೂರು, ಒಣಗಿದ ಎಲೆ, ಅಪ್ಪನ ಅಂಗಡಿಯಿಂದ ಹಾರಿ ಬಂದ ಹತ್ತಿ ಎಲ್ಲವನ್ನೂ ತಂದು ಸೇರಿಸುತ್ತಿತ್ತು. ಜೇಡದ ಗಂಡು ಇನ್ನೂ ಬಡವ. ಬಲೆಯ ಅಂಚಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾಗಿ ಅಂಟಿಕೊಂಡಿತ್ತು, ಹಾಡೂ ಇಲ್ಲ. ಜೇಡ ಮೊಟ್ಟೆಗಳನ್ನು ಒಂದು ಚೀಲದಲ್ಲಿ ಸುತ್ತಿ ಕಟ್ಟುತ್ತದೆ, ಮರಿ ಹೊರಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ತಾನು ಬದುಕಿರುವುದಿಲ್ಲ. ಇಲ್ಲಿಗೆ ಬಂದಾಗ ನಾನು ಹೋಲಿಸುವುದನ್ನು ನಿಲ್ಲಿಸುತ್ತಿದ್ದೆ. ನಿಲ್ಲಿಸಿದರೂ ಆ 'ಸಾಮಾನ್ಯವಾಗಿ' ಕಿವಿಯಲ್ಲಿ ಉಳಿಯುತ್ತಿತ್ತು.

ಒಂದು ದಿನ ಹೆಣ್ಣು ಸೂರಕ್ಕಿ ಬಲೆಯ ಮುಂದೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತಿತು. ಅದು ಜೇಡವನ್ನು ತಿನ್ನುತ್ತದೆ ಅಥವಾ ತಾನೇ ಸಿಕ್ಕಿಬೀಳುತ್ತದೆ ಎಂದು ನಾನು ಒಗೆಯುವುದನ್ನು ಬಿಟ್ಟು ನೋಡಿದೆ. ಅದು ಬಲೆಯ ಅಂಚಿನ ನೂಲನ್ನು ಕೊಕ್ಕಿನಿಂದ ಎಳೆಯಿತು. ಜೇಡ ಇಡೀ ಬಲೆಯನ್ನು ಜೋಕಾಲಿಯಂತೆ ಜೋರಾಗಿ ಅಲ್ಲಾಡಿಸಿತು. ಹಕ್ಕಿ ಹಿಂದೆ ಸರಿದು ಮತ್ತೆ ಬಂತು, ಒಂದೆರಡು ಎಳೆ ಕಿತ್ತುಕೊಂಡಿತು, ಗೂಡಿಗೆ ಹೋಗಿ ಅದನ್ನೇ ಸುತ್ತಿ ತೊಗಟೆಯ ಚೂರನ್ನು ಬಿಗಿಯಿತು. ಆಮೇಲೆ ಗಮನಿಸಿದೆ, ಗೂಡು ಟೊಂಗೆಗೆ ತೂಗುತ್ತಿದ್ದದ್ದೂ ಆ ನೂಲಿನಿಂದಲೇ. ನೊಣ ಸಾಯುವ ನೂಲಿನಲ್ಲಿ ಹಕ್ಕಿಯ ಮರಿ ಮಲಗುತ್ತದೆ. ಇದನ್ನು ಎಡಕ್ಕೆ ಬರೆಯಬೇಕೋ ಬಲಕ್ಕೋ ತಿಳಿಯಲಿಲ್ಲ.

ಒಳಗೆ ಹೋಗಿ ಅಕ್ಕನಿಗೆ ಹಕ್ಕಿಯ ಸುದ್ದಿ ಹೇಳಿದೆ. ಕಿಟಕಿಯಿಂದ ಅವಳಿಗೆ ಗೂಡು ಕಾಣುತ್ತಿತ್ತು, ಬಲೆ ಕಾಣುತ್ತಿರಲಿಲ್ಲ.

"ಹಕ್ಕೀದು ಸಾಕು," ಅಂದಳು ಅಕ್ಕ. "ದಿನಾ ಹಕ್ಕೀದ ಹೇಳ್ತಿ. ಜ್ಯಾಡದ ಸುದ್ದಿ ಹೇಳು. ಇವತ್ತ ಎಷ್ಟು?"

"ಎರಡು."

"ನಿನ್ನಿ?"

"ಮೂರು."

"ಹಂಗಾರ ಕಡಿಮಿ ಆಗಾಕತ್ತಾವ," ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅವಳೂ ಎಣಿಸುತ್ತಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು.

ಅಪ್ಪ ಹತ್ತಿ ವ್ಯಾಪಾರಕ್ಕೆಂದು ಹಾನಗಲ್ಲಿಗೆ ಹೋದ ದಿನ ಬೆಳಿಗ್ಗೆ ನಾನು ಗಿಡದ ಹತ್ತಿರ ಹೋದಾಗ ಬಲೆಯಲ್ಲಿ ನಾಲ್ಕು ಗೀರುಗಳಿದ್ದವು. ನಾಲ್ಕೂ ಒಂದೇ ಉದ್ದ. ಇಬ್ಬನಿ ಹಿಡಿದು ಅವು ಸುಣ್ಣ ಬಳಿದಂತೆ ಕಾಣುತ್ತಿದ್ದವು. ಜೇಡದ ಕಾಲುಗಳು ನಾಲ್ಕರ ಮೇಲೂ ಸರಿಯಾಗಿ ಕೂತಿದ್ದವು. ಇಂಥ ಜೇಡ ನಾಲ್ಕು ಗೀರು ಹಾಕುವುದು ವಿಶೇಷವಲ್ಲ ಎಂದು ನಾನು ಓದಿದ್ದೆ. ಓದಿದ್ದು ನೆನಪಿತ್ತು. ಆದರೂ ಮತ್ತೊಮ್ಮೆ ಎಣಿಸಿದೆ.

"ಎಷ್ಟು?" ಅಂದಳು ಆಯಿ.

"ಮೂರು," ಅಂದೆ.

ಮಧ್ಯಾಹ್ನದ ಬಸ್ಸಿಗೆ ಹಿರೇಕೆರೂರಿನಿಂದ ಅಕ್ಕನ ಅತ್ತೆ ಬಂದರು. ದೊಡ್ಡ ದನಿಯ, ಬಾಯ್ತುಂಬ ಮಾತಿನ ಹೆಂಗಸು. ಸೊಸೆಯ ಸುದ್ದಿ ಯಾರದೋ ಬಾಯಲ್ಲಿ ಕೇಳಿ ನಿಂತ ಕಾಲಲ್ಲೇ ಹೊರಟು ಬಂದಿದ್ದರು. ಕೈಯಲ್ಲಿ ಕರದಂಟಿನ ಡಬ್ಬಿ, ಸೊಂಟದಲ್ಲಿ ಹುಲಗೂರಿನ ದರ್ಗಾದಿಂದ ಹಿಂದೆ ತರಿಸಿಟ್ಟಿದ್ದ ಹರಕೆಯ ದಾರ. ಕಾಲಿಗೆ ನೀರು ಹಾಕಿಕೊಂಡವರೇ ಒಳಕೋಣೆಗೆ ಹೋದರು. ನಾನು ನೀರಿನ ತಂಬಿಗೆ ತೆಗೆದುಕೊಂಡು ಹೋಗುವಷ್ಟರಲ್ಲಿ ಅವರು ಕೂಗಿದ್ದು ಕೇಳಿಸಿತು.

"ಕೂಡೇತಲ್ರೀ ಇದು! ಬೀಗತ್ಯಾರ, ಬರ್ರಿ ಇಲ್ಲೆ! ಬಾಯಿಗೆ ಬಾಯಿ ಕೂಡೇತಿ!"

ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಬೆನ್ನ ಮೇಲಿನ ಸೆರಗು ಸರಿದಿತ್ತು. ಕೆಂಪು ಪಟ್ಟಿ ಸೊಂಟವನ್ನು ಪೂರ್ತಿ ಸುತ್ತಿತ್ತು. ಎಲ್ಲೂ ಬಾಗಿಲು ಇರಲಿಲ್ಲ.

"ಅದು ಗುಳ್ಳಿ ಅಲ್ರಿ ಅತ್ತಿ, ಮಣ್ಣು. ಕುಂಬಾರ ಮುದಿಕಿ ಹಚ್ಚಿದ್ದು," ಅಂದೆ.

"ಮಣ್ಣು ನನಗ ಗೊತ್ತಿಲ್ಲೇನ? ಅಕಿ ಇಲ್ಲೆ ಹಚ್ಚಿದ್ಲೇನು, ಈ ಜಾಗಾದಾಗ?" ಎಂದು ಅವರು ಬೆನ್ನೆಲುಬಿನ ಬಲಕ್ಕೆ ಬೆರಳು ತೋರಿಸಿದರು.

ಅಲ್ಲಿ ಹಚ್ಚಿರಲಿಲ್ಲ. ಅದು ನನಗೂ ಅವ್ವನಿಗೂ ಗೊತ್ತಿತ್ತು. ಬೆವರಿಗೆ ಮಣ್ಣು ಕರಗಿ ಹರಿದಿರಬಹುದು. ಅಥವಾ ಗುಳ್ಳೆಯೇ ದಾಟಿ ಬಂದು ಕೆಂಪಾಗಿರಬಹುದು. ನಾನು ಬಗ್ಗಿ ನೋಡಿದೆ. ಕೆಂಪಿನ ಮೇಲೆ ಕೆಂಪು, ಏನೂ ತಿಳಿಯಲಿಲ್ಲ.

"ಇಲ್ಲೆ ಉರೀತೈತೇನು?" ಎಂದು ಅಕ್ಕನನ್ನು ಕೇಳಿದೆ.

"ಎಲ್ಲಾ ಕಡೆ ಉರೀತೈತಿ," ಅಂದಳು. ದನಿಯಲ್ಲಿ ಜೀವವಿರಲಿಲ್ಲ.

"ತೊಳದು ನೋಡೂಣು," ಅಂದೆ. ಆಯಿ ಮತ್ತು ಅತ್ತೆ ಒಟ್ಟಿಗೇ ಬೇಡ ಅಂದರು. ನೀರು ಮುಟ್ಟಿಸಿದರೆ ಮೈತುಂಬ ಹರಡುತ್ತದೆ. ಅವ್ವ ನನ್ನನ್ನು ನೋಡಿದಳು.

ಅತ್ತೆ ತೀರ್ಮಾನ ಮಾಡಿಬಿಟ್ಟರು. "ನಮ್ಮ ಕಡೆ ಮಂತ್ರ ಹಾಕಾಂವ ಒಬ್ಬ ಅದಾನ. ಮುಂಜಾನಿ ಮೊದಲ ಬಸ್ಸಿಗೆ ಕರಕೊಂಡು ಹೋಗ್ತೇನಿ. ಹಾವೇರ್ಯಾಗ ಇಳದು ಬಸ್ ಬದಲ ಮಾಡಿದ್ರಾತು."

"ಎಂಟ ತಿಂಗಳದಾಕಿನ್ನ ಆ ರಸ್ತಾದಾಗ ಹೆಂಗ ಒಯ್ತೀರಿ? ತೆಗ್ಗು ದಿಣ್ಣಿ," ಅಂದಳು ಅವ್ವ.

"ಇಲ್ಲೆ ಕುಂತು ನೋಡಕೋತ ಇರೂದೇನ ಹಂಗಾರ? ನನಗೇನು ಹತ್ತು ಸೊಸಿ ಅದಾರೇನ್ರಿ?" ಎಂದು ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ದೊಡ್ಡ ದನಿ ಒಡೆದದ್ದನ್ನು ಕೇಳಿ ನನ್ನ ಹೆದರಿಕೆ ಹೆಚ್ಚಾಯಿತು. ಗದರುವವರು ಅತ್ತರೆ ಉಳಿದವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಬಸ್ಸಿನಲ್ಲಿ ಕೂಡಿಸಿದರೆ ಮಗುವಿಗೆ ಅಪಾಯ. ಕೂಡಿಸದೆ, ಕೆಂಪು ನಿಜವಾಗಿಯೂ ದಾಟಿದ್ದರೆ? ಡಾಕ್ಟರರು ಸವಣೂರಿನಲ್ಲಿ, ಅವರನ್ನು ಕರೆತರಬೇಕಾದ ಅಪ್ಪ ಹಾನಗಲ್ಲಿನಲ್ಲಿ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಊಟ ಬೇಡ ಅಂದಳು. ಅವ್ವ ಹಾಲಲ್ಲಿ ರೊಟ್ಟಿ ಕಿವುಚಿ ತಂದಳು, ಅದೂ ಬೇಡ ಅಂದಳು. ನಾನು ಹತ್ತಿರ ಕೂತೆ. ಅವಳು ಎಲ್ಲರೂ ಹೊರಗೆ ಹೋಗುವವರೆಗೆ ಕಾದು ಕೇಳಿದಳು.

"ಇವತ್ತ ನಾಕ ಅದಾವ ಹೌದಿಲ್ಲೋ?"

"ಮೂರು. ಆಯಿಗೆ ಹೇಳಿದ್ದು ಕೇಳಿಲ್ಲೇನು?"

"ಕೇಳೇನಿ. ನೀ ಖರೇ ಹೇಳುವಾಗ ಅಷ್ಟ ಜಲ್ದಿ ಹೇಳೂದಿಲ್ಲ."

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬೆರಳುಗಳು ಬಿಸಿಯಾಗಿದ್ದವು. "ಕೂಸಿನ ಹಾಲಿಂದು ಅವ್ವಗ ಈಗ ಹೇಳಿಡು. ಆಕಳದ್ದು ಕೂಸಿಗೆ ಭಾರ ಆಕ್ಕೈತಿ, ಆಡಿಂದು ಛಲೋ," ಅಂದಳು. ತಾನು ಇಲ್ಲದ ಮನೆಯಲ್ಲಿ ಮಗುವಿಗೆ ಯಾವ ಹಾಲು ಹಾಕಬೇಕೆಂದು ಹೇಳುತ್ತಿದ್ದಳು. ಅಷ್ಟು ಹೊತ್ತು ನಾನು ಗುಳ್ಳೆಗೆ, ಬಸ್ಸಿಗೆ, ನಾಲ್ಕು ಗೀರಿಗೆ ಹೆದರಿದ್ದೆ. ಈಗ ಅಕ್ಕನಿಗೇ ಹೆದರಿದೆ. ಅವಳು ಆಗಲೇ ಹೊರಟು ನಿಂತಿದ್ದಳು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋಗಲಿಲ್ಲ. ಒಲೆ ಹೊತ್ತಿಸಿ ಸಣ್ಣ ಹಂಡೆಯಲ್ಲಿ ನೀರು ಕಾಯಿಸಿದೆ. ಅವ್ವನ ಹಳೆಯ ಸೀರೆಯಿಂದ ಮೆತ್ತಗಿನ ಒಂದು ತುಂಡು ಹರಿದೆ. ಪಡಸಾಲೆಯಲ್ಲಿ ಅತ್ತೆ ಗಂಟು ಕಟ್ಟುತ್ತಿದ್ದರು. ನಾನು ಬಕೆಟ್ಟು ಹಿಡಿದು ಒಳಕೋಣೆಗೆ ಹೋಗುವುದನ್ನು ಅವ್ವ ನೋಡಿದಳು. ಅವಳು ನನ್ನ ಹಿಂದೆ ಕದ ಎಳೆದುಕೊಂಡು, ಹೊರಗೆ ಕದಕ್ಕೆ ಬೆನ್ನು ಕೊಟ್ಟು ಕೂತ ಸಪ್ಪಳ ಕೇಳಿಸಿತು.

ಅಕ್ಕನನ್ನು ಎಬ್ಬಿಸಿ ಮಣೆಯ ಮೇಲೆ ಕೂಡಿಸಿದೆ. ಕಿಟಕಿ ತೆರೆದೆ. ಅವಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಬಲಗಡೆಯ ಪಕ್ಕೆಯಿಂದ ಶುರು ಮಾಡಿದೆ. ಒತ್ತಿ ಉಜ್ಜದೆ, ಬಟ್ಟೆಯನ್ನು ಇಟ್ಟು ಇಟ್ಟು ತೆಗೆದೆ. ಕೆಂಪು ನೀರು ಇಳಿದು ಮಣೆಯ ಸುತ್ತ ಹರಿಯಿತು. ಗೆರೆಯ ಕೆಳಗೆ ಬರೀ ಚರ್ಮ. ಒಂದು ಗೇಣು ಹೋದೆ, ಅಲ್ಲೂ ಬರೀ ಚರ್ಮ. ಬೆನ್ನೆಲುಬಿನ ಹತ್ತಿರ ಬಂದಾಗ ನನ್ನ ಕೈ ನಿಂತಿತು. ಮಗು ಒದ್ದಿರಬೇಕು, ಅಕ್ಕನ ಬೆನ್ನು ಸ್ವಲ್ಪ ಸೆಟೆಯಿತು. ಬಟ್ಟೆಯನ್ನು ಹಿಂಡಿ ಮತ್ತೆ ಇಟ್ಟೆ.

ಆ ನಾಲ್ಕು ಬೆರಳು ಜಾಗದಲ್ಲಿ ಕೌದಿಯ ಹೊಲಿಗೆಯ ಗುರುತು ಒತ್ತಿತ್ತು. ಚಿಕ್ಕಂದಿನಿಂದ ಇದ್ದ ಒಂದು ಮಚ್ಚೆ ಇತ್ತು. ಬೇರೆ ಏನೂ ಇರಲಿಲ್ಲ. ಗುಳ್ಳೆಗಳು ಬೆನ್ನೆಲುಬಿನ ಎಡಕ್ಕೇ ನಿಂತಿದ್ದವು. ಮಣ್ಣಿನ ಕೆಳಗೆ ಕೆಲವು ಆಗಲೇ ಒಣಗಿ ಹಕ್ಕಳೆ ಕಟ್ಟಿದ್ದವು.

"ದಾಟಿಲ್ಲ," ಅಂದೆ.

"ಎಲ್ಲೆ, ನನ್ನ ಕೈ ಹಚ್ಚು," ಅಂದಳು. ಅವಳ ಕೈಯನ್ನು ಹಿಂದೆ ತಂದು ಆ ಜಾಗದಲ್ಲಿ ಇಟ್ಟೆ. ಅವಳು ಮಚ್ಚೆಯನ್ನು ಹುಡುಕಿ, ಅದರ ಸುತ್ತ ತಡವಿ ನೋಡಿದಳು. ಎರಡು ಸಲ ನೋಡಿದಳು. ಆಮೇಲೆ, "ಹಸಿವ್ಯಾಗೇತಿ," ಅಂದಳು.

ಅವ್ವನನ್ನು ಕರೆದೆ, ಅತ್ತೆಯನ್ನೂ ಕರೆದೆ. ಅತ್ತೆ ಕಿಟಕಿಯ ಬೆಳಕಿಗೆ ಬಗ್ಗಿ ನೋಡಿದರು, ಬೆರಳಿನಿಂದ ಮುಟ್ಟಿದರು, ಒದ್ದೆ ನೆಲದ ಮೇಲೆಯೇ ಕೂತುಬಿಟ್ಟರು. "ನೀರು ಮುಟ್ಟಿಸಿದಿ, ಹುಡುಗಿ," ಎಂದು ನನ್ನನ್ನು ಗದರಿದರು. ದನಿ ಮತ್ತೆ ದೊಡ್ಡದಾಗಿತ್ತು. ಬಸ್ಸಿನ ಹಾರ್ನು ದೂರದಲ್ಲಿ ಕೇಳಿದಾಗ ಅವರು ಕರದಂಟಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

ಕೆಂಪು ಬಟ್ಟೆಯನ್ನು ಹಿಂಡಿಕೊಂಡು ಹೊರಗೆ ಬಂದೆ. ಹಿತ್ತಲ ಬಾಗಿಲಲ್ಲಿ ಆಯಿ ಕೂತಿದ್ದಳು.

"ಎಷ್ಟು?" ಅಂದಳು.

"ನೋಡಿಲ್ಲ."

ಆಯಿ ಪೊರೆಗಣ್ಣುಗಳನ್ನು ನನ್ನ ಕಡೆ ತಿರುಗಿಸಿದಳು. ಅವಳ ಬೆನ್ನ ಹಿಂದೆ ದಾಸವಾಳದ ಕಡೆಯಿಂದ ಸೂರಕ್ಕಿಯ ಚುರುಕಾದ ಕೂಗು ಕೇಳುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗ ಆ ಗಿಡದ ಪಕ್ಕದಲ್ಲೇ ಇತ್ತು. ನಾನು ಆ ಕಡೆ ಹೋಗಲಿಲ್ಲ. ಒದ್ದೆ ಬಟ್ಟೆಯನ್ನು ಮುಂದಿನ ಅಂಗಳಕ್ಕೆ ಒಯ್ದು, ಬಿಸಿಲು ಬಿದ್ದ ಗೋಡೆಯ ಮೇಲೆ ಹರವಿ, ಹಾರಿ ಹೋಗದಂತೆ ಎರಡು ತುದಿಗೂ ಕಲ್ಲು ಇಟ್ಟೆ.